ಜುಲೈನಲ್ಲಿ ಕೆಟ್ಟರೆ ಯಾರು ಬರುತ್ತಾರೆ?

ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಚಿಕ್ಕ ಸ್ಟುಡಿಯೊ ಇದೆ. ಮದುವೆ ಮನೆಗಳಿಗೆ ಹೋಗಿ ಶೂಟ್ ಮಾಡುವುದು ನನ್ನ ತಮ್ಮ. ಕೂತು ಎಡಿಟ್ ಮಾಡುವುದು ನಾನು. 2023ರಲ್ಲಿ ನನ್ನ ಕಂಪ್ಯೂಟರ್ ಸಿಸ್ಟಮ್ ಅನ್ನು ಬಿಡಿ ಭಾಗ ತಂದು ನಾನೇ ಜೋಡಿಸಿಕೊಂಡೆ ಅಂತ ಗೊತ್ತಾದ ಮೇಲೆ ಪರಿಚಯದವರು ಬಂದು ಕೇಳುತ್ತಾರೆ. "ಅಕ್ಕಾ, ಬ್ರ್ಯಾಂಡೆಡ್ ತಗೊಳ್ಳೋದಾ, ಅಸೆಂಬಲ್ ಮಾಡೋದಾ? ಯಾವುದು ಕಡಿಮೆಗೆ ಬೀಳುತ್ತೆ?"

ಬೆಲೆಯ ಮಾತು ಆಮೇಲೆ. ಮೊದಲು ನಾನು ಕೇಳುವುದು ಒಂದೇ. ಜುಲೈ ತಿಂಗಳಲ್ಲಿ, ರಸ್ತೆಗೆ ಮರ ಬಿದ್ದಿರುವಾಗ, ಎರಡು ದಿನದಿಂದ ಕರೆಂಟ್ ಬಂದು ಹೋಗಿ ಮಾಡುತ್ತಿರುವಾಗ ಅದು ಕೆಟ್ಟರೆ ನಿಮ್ಮ ಮನೆಗೆ ಯಾರು ಬರುತ್ತಾರೆ? ಬೆಂಗಳೂರಿನವರು ಇದನ್ನು ಯೋಚಿಸಬೇಕಾಗಿಲ್ಲ. ಕೊಡಗಿನಲ್ಲಿ ಇರುವವರು ಮಿಕ್ಕ ಲೆಕ್ಕವನ್ನೆಲ್ಲ ಇದಾದ ಮೇಲೆಯೇ ಹಾಕಬೇಕು.

ನನಗೂ ಇದು ಮೊದಲೇ ಹೊಳೆದಿರಲಿಲ್ಲ. ನಮ್ಮ ಹಳೆಯ ಕಂಪ್ಯೂಟರ್ 2017ರಲ್ಲಿ ತಗೊಂಡದ್ದು. ಹೆಸರಾಂತ ಕಂಪನಿಯದು. ಆರು ವರ್ಷ ಚೆನ್ನಾಗಿಯೇ ದುಡಿಯಿತು. 2023ರ ಮೇ ತಿಂಗಳಲ್ಲಿ ಒಂದು ಸಂಜೆ ಗುಡುಗು ಶುರುವಾಯಿತು. ನಾನು ಎಂದಿನಂತೆ ಎದ್ದು ಸಿಪಿಯುವಿನ ಪ್ಲಗ್ ಕಿತ್ತೆ. ಇಂಟರ್‌ನೆಟ್ ವೈರ್ ಕೀಳಲಿಲ್ಲ. ಮಾನಿಟರ್ ಪ್ಲಗ್ ಕೂಡ ಹಾಗೇ ಇತ್ತು. ತೋಟದ ಆಚೆ ಎಲ್ಲೋ ಸಿಡಿಲು ಬಡಿಯಿತು. ಆಮೇಲೆ ಸಿಸ್ಟಮ್ ಏಳಲೇ ಇಲ್ಲ.

ಫೈಬರ್ ಕೇಬಲ್ ಗಾಜಿನದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ ಅಂತ ನಾನು ಧೈರ್ಯವಾಗಿದ್ದೆ. ಅದು ನಿಜವೇ. ಆದರೆ ಗಾಜು ಇರುವುದು ಗೋಡೆಯ ಪೆಟ್ಟಿಗೆಯ ತನಕ ಮಾತ್ರ. ಆ ಪೆಟ್ಟಿಗೆಯ ಅಡಾಪ್ಟರ್ ನಮ್ಮ ಮನೆಯ ಸಾಕೆಟ್ಟಿನಲ್ಲೇ ಇರುತ್ತದೆ. ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಬರುವುದು ತಾಮ್ರದ ವೈರ್. ಆ ಕಡೆಯಿಂದ ಬಂದ ಏಟು ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್ ಹಾದು ಮಾನಿಟರ್ ಕಡೆಗೆ ಹೋಗಿತ್ತು. ಮಾನಿಟರಿಗೂ ಪೆಟ್ಟಾಗಿತ್ತು.

ಕುಶಾಲನಗರದ ರಿಪೇರಿ ಅಂಗಡಿಗೆ ಒಯ್ದೆವು. ಅವರು ಒಳ್ಳೆಯ ಕೆಲಸಗಾರರು. ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದರು. "ಬೋರ್ಡ್ ಹೋಗಿದೆ ಮೇಡಂ. ಬೇರೆ ಬೋರ್ಡ್ ಹಾಕೋಣ ಅಂದ್ರೆ ಕೂರೋದಿಲ್ಲ" ಅಂದರು. ಆಗಲೇ ನಾನು ಆ ಪೆಟ್ಟಿಗೆಯ ಒಳಗನ್ನು ಸರಿಯಾಗಿ ನೋಡಿದ್ದು. ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹೊಂದಿಸಿ ಕೊಡುವ ಡಬ್ಬಿಗೆ ಎಸ್‌ಎಂಪಿಎಸ್ ಅನ್ನುತ್ತಾರೆ. ಮಾರುಕಟ್ಟೆಯಲ್ಲಿ ಸಿಗುವ ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಬರುವುದು 24 ಪಿನ್ನಿನ ದಪ್ಪ ಕನೆಕ್ಟರ್. ನಮ್ಮದರಲ್ಲಿ ಇದ್ದದ್ದು ಕಂಪನಿಯ ಸ್ವಂತ ಅಳತೆಯ ಸಣ್ಣ ಕನೆಕ್ಟರ್. ಬೋರ್ಡಿನ ಸ್ಕ್ರೂ ತೂತುಗಳೂ ಬೇರೆ. ಮುಂದಿನ ಪವರ್ ಬಟನ್ನಿನ ವೈರೂ ಬೇರೆ. ಒಂದು ಬೋರ್ಡ್ ಹೋದರೆ ಎಸ್‌ಎಂಪಿಎಸ್, ಕ್ಯಾಬಿನೆಟ್ ಎಲ್ಲವೂ ಅದರ ಜೊತೆಗೇ ಹೋದ ಹಾಗೆ. ಕಂಪನಿಯ ಸರ್ವಿಸ್ ಸೆಂಟರ್ ಇದ್ದದ್ದು ಮೈಸೂರಿನಲ್ಲಿ. ಅವರು ಹೇಳಿದ್ದು ಬೋರ್ಡಿಗೆ 14 ಸಾವಿರ, ಬರಲು ಮೂರು ವಾರ. ಆರು ವರ್ಷದ ಹಳೆಯ ಬೋರ್ಡಿಗೆ!

ಆ ಹೊತ್ತಿಗೆ ಆರು ಮದುವೆಯ ಫುಟೇಜ್ ನಮ್ಮ ಹತ್ತಿರ ಇತ್ತು. ಹಾರ್ಡ್ ಡಿಸ್ಕ್‌ಗಳಿಗೆ ಏನೂ ಆಗಿರಲಿಲ್ಲ, ಅದು ದೇವರ ದಯೆ. ಕಕ್ಕಡ ತಿಂಗಳು ಬಂದರೆ ಮದುವೆ ನಿಲ್ಲುತ್ತದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ನಾನು ಕೂತು ಹಳೆಯದನ್ನೆಲ್ಲ ಮುಗಿಸುವುದು. ಅಂದರೆ ಮಳೆ ಜೋರಾಗಿ ಇರುವ ತಿಂಗಳೇ ನನ್ನ ಸಿಸ್ಟಮ್ ಜಾಸ್ತಿ ಓಡುವ ತಿಂಗಳು. ಅಷ್ಟರೊಳಗೆ ಹೊಸದು ಬೇಕಾಗಿತ್ತು.

ತಮ್ಮ ಹೇಳಿದ, "ಅಕ್ಕಾ, ಸುಮ್ನೆ ಇನ್ನೊಂದು ಬ್ರ್ಯಾಂಡೆಡ್ ತಗೊಂಡುಬಿಡೋಣ. ಆನ್ ಮಾಡಿದ್ರೆ ಆಯ್ತು." ಅವನ ಮಾತಲ್ಲಿ ತಪ್ಪಿಲ್ಲ. ನಾನೂ ಮೊದಲು ಅದನ್ನೇ ನೋಡಿದೆ. ನೋಡುತ್ತಾ ಹೋದ ಹಾಗೆ ಎರಡು ವಿಷಯ ನನ್ನನ್ನು ಆ ಕಡೆಯಿಂದ ಈ ಕಡೆಗೆ ತಂದವು. ಒಂದು ನಮ್ಮ ಕೆಲಸದ್ದು, ಇನ್ನೊಂದು ನಮ್ಮ ಕರೆಂಟಿನದು.

ಕೆಲಸದ್ದು ಮೊದಲು. ಕೊಡವ ಮದುವೆಯ ಗಂಗಾಪೂಜೆ ನೋಡಿದವರಿಗೆ ಗೊತ್ತು. ಮದುಮಗಳು ಕೊಡ ಹೊತ್ತು ನಿಂತಿರುತ್ತಾಳೆ. ಮುಂದೆ ವಾಲಗಕ್ಕೆ ಹುಡುಗನ ಕಡೆಯವರು ದಾರಿ ಬಿಡದೆ ಕುಣಿಯುತ್ತಿರುತ್ತಾರೆ. ಅವಳು ಒಂದೊಂದೇ ಹೆಜ್ಜೆ ಮುಂದೆ ಬರಬೇಕು. ಅದು ಗಂಟೆಗಟ್ಟಲೆ ನಡೆಯುತ್ತದೆ, ಮನೆಯವರಿಗೆ ಅದರ ಒಂದು ಕ್ಷಣವೂ ತಪ್ಪಬಾರದು. ಎರಡು ಕ್ಯಾಮೆರಾ ಓಡುತ್ತಲೇ ಇರುತ್ತವೆ. 4ಕೆಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ಅಂದರೆ ಒಂದು ಕ್ಯಾಮೆರಾ ಗಂಟೆಗೆ 45 ಜಿಬಿ ತುಂಬುತ್ತದೆ. ತಮ್ಮ ಶೂಟ್ ಮಾಡುವುದು ಎಚ್.265ರಲ್ಲಿ, 10 ಬಿಟ್, 4:2:2. ಬಣ್ಣದ ವಿವರ ಜಾಸ್ತಿ ಉಳಿಯುವ ರೀತಿ ಅದು. ಮದುಮಗಳ ಕೆಂಪು ಸೀರೆ, ಹಿಂದೆ ಹಸಿರು ತೋಟ, ಮೇಲೆ ಮೋಡದ ಬೆಳಕು. ಬಣ್ಣ ತಿದ್ದುವಾಗ ಆ ಕೆಂಪು ಕದಡಿ ಹೋಗಬಾರದು. ಅದಕ್ಕೇ ಅವನು ಅದನ್ನು ಬಿಡುವುದಿಲ್ಲ, ನಾನೂ ಬಿಡು ಅನ್ನುವುದಿಲ್ಲ.

ತೊಂದರೆ ಏನೆಂದರೆ, ಆ ಫೈಲನ್ನು ಬಿಚ್ಚಿ ಓಡಿಸುವುದು ಕಂಪ್ಯೂಟರಿಗೆ ಭಾರ. ಅದಕ್ಕೆ ಚಿಪ್ಪಿನೊಳಗೆ ಬೇರೆಯೇ ಒಂದು ಭಾಗ ಬೇಕು. 2023ರಲ್ಲಿ ಸಿಗುತ್ತಿದ್ದ ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡುಗಳು, ಎಷ್ಟೇ ದುಬಾರಿಯಾದರೂ, 4:2:2 ಎಚ್.265 ಅನ್ನು ತಾವೇ ಬಿಚ್ಚುತ್ತಿರಲಿಲ್ಲ. 2025ರಲ್ಲಿ 50ರ ಸರಣಿ ಬಂದ ಮೇಲೆ ಅವಕ್ಕೂ ಆ ಶಕ್ತಿ ಬಂತು. 2023ರಲ್ಲಿ ಅದು ಇದ್ದದ್ದು ಇಂಟೆಲ್ ಪ್ರೊಸೆಸರ್ ಒಳಗೆ ಬರುವ ಸಣ್ಣ ಗ್ರಾಫಿಕ್ಸ್‌ನಲ್ಲಿ. ಅದರ ಹೆಸರು ಕ್ವಿಕ್ ಸಿಂಕ್. ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಆ ಸಣ್ಣ ಭಾಗವೇ ನನ್ನ ಕೆಲಸದ ಜೀವ.

ಈಗ ಬ್ರ್ಯಾಂಡೆಡ್ ಸಿಸ್ಟಮ್‌ಗಳ ವಿವರ ನೋಡಿ. ನಮ್ಮ ಬಜೆಟ್ಟಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇದ್ದವು ನನಗೆ ಕಂಡದ್ದು ನಾಲ್ಕು. ಮೂರರಲ್ಲಿ ಪ್ರೊಸೆಸರಿನ ಹೆಸರಿನ ಕೊನೆಗೆ ಒಂದು ಎಫ್ ಅಕ್ಷರ ಇತ್ತು. ಎಫ್ ಅಂದರೆ ಒಳಗಿನ ಗ್ರಾಫಿಕ್ಸ್ ಇಲ್ಲ ಅಂತ. ಆಟ ಆಡುವವರಿಗೆ ಅದರಿಂದ ನಷ್ಟವೇನಿಲ್ಲ, ಒಂದೆರಡು ಸಾವಿರ ಉಳಿಯುತ್ತದೆ. ನನಗೆ ಅದು ಬಂದರೆ ಗಂಗಾಪೂಜೆ ಟೈಮ್‌ಲೈನಿನ ಮೇಲೆ ತಡವರಿಸಿಕೊಂಡು ಓಡುತ್ತದೆ. ನಾಲ್ಕನೆಯದರಲ್ಲಿ ಎಫ್ ಇರಲಿಲ್ಲ. ಆದರೆ ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿ, ಎಸ್‌ಎಸ್‌ಡಿ 512 ಜಿಬಿ, ಎಸ್‌ಎಂಪಿಎಸ್ ಯಾವುದು ಅಂತ ಎಲ್ಲೂ ಬರೆದಿಲ್ಲ. ಫೋನ್ ಮಾಡಿ ಕೇಳಿದೆ. "ಸ್ಟ್ಯಾಂಡರ್ಡ್ ಇದೆ ಮೇಡಂ" ಅಂದರು. ಅದಕ್ಕಿಂತ ಜಾಸ್ತಿ ವಿವರ ಅವರಲ್ಲಿ ಇರಲಿಲ್ಲ.

ಎಸ್‌ಎಂಪಿಎಸ್ ಬಗ್ಗೆ ನಾನು ಅಷ್ಟು ಕೇಳಿದ್ದಕ್ಕೆ ಕಾರಣ ಎರಡನೆಯ ವಿಷಯ. ನಮ್ಮ ಮನೆಯಲ್ಲಿ ಸಂಜೆ ವೋಲ್ಟೇಜ್ 170ಕ್ಕೆ ಇಳಿಯುವುದು ಮಾಮೂಲು. ಪಂಪ್‌ಸೆಟ್ ಓಡುವ ತಿಂಗಳುಗಳಲ್ಲಿ ಇನ್ನೂ ಕೆಳಗೆ. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಎಸ್‌ಎಂಪಿಎಸ್‌ಗಳ ಮೇಲಿನ ಲೇಬಲ್ ತಿರುಗಿಸಿ ಓದಿ. ಎಷ್ಟೋ ಕಡೆ 200ರಿಂದ 240 ವೋಲ್ಟ್ ಅಂತ ಇರುತ್ತದೆ. ಒಳ್ಳೆಯದರಲ್ಲಿ 100ರಿಂದ 240. ನಮ್ಮ ಊರಿಗೆ ಎರಡನೆಯದೇ ಬೇಕು. ಅದನ್ನು ನಾನೇ ನೋಡಿ ಆರಿಸಬೇಕಾದರೆ ನಾನೇ ಕಟ್ಟಬೇಕು.

ನಡುವೆ ಇನ್ನೊಂದು ದಾರಿಯೂ ಇತ್ತು. ಬೆಂಗಳೂರು ಇಲ್ಲವೇ ಮೈಸೂರಿನ ಅಂಗಡಿಯಲ್ಲಿ ಬೇಕಾದ ಭಾಗ ಹೇಳಿದರೆ ಅವರೇ ಜೋಡಿಸಿ ಕೊಡುತ್ತಾರೆ. ತುಂಬ ಜನರಿಗೆ ಅದು ಸರಿಯಾದ ದಾರಿ. ಕೂಲಿ ಅಂತ ಹೆಚ್ಚೇನೂ ಹಾಕುವುದಿಲ್ಲ. ಆದರೆ ಜೋಡಿಸಿದ ಸಿಸ್ಟಮ್ ಹುಣಸೂರು, ಪಿರಿಯಾಪಟ್ಟಣ ದಾಟಿ ನೂರು ಕಿಲೋಮೀಟರಿನ ಮೇಲೆ ಬರಬೇಕು. ಭಾರವಾದ ಗ್ರಾಫಿಕ್ಸ್ ಕಾರ್ಡ್ ಸ್ಲಾಟಿನಲ್ಲಿ ಜೋತಾಡಿಕೊಂಡೇ ಬರುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಅವರು ಜೋಡಿಸಿದರೆ ಒಳಗೆ ಏನಿದೆ ಅಂತ ನನ್ನ ಕೈಗೆ ಗೊತ್ತಾಗುವುದಿಲ್ಲ. ಜುಲೈನಲ್ಲಿ ಬಿಚ್ಚಬೇಕಾದವಳು ನಾನು. ಹಾಗಾದರೆ ಮುಚ್ಚುವುದೂ ನಾನೇ ಆಗಲಿ ಅಂತ ತೀರ್ಮಾನ ಮಾಡಿದೆ.

ಆರಿಸಿದ್ದು ಹೀಗೆ. ಪ್ರೊಸೆಸರ್ ಇಂಟೆಲ್ ಐ5 13500, ಎಫ್ ಇಲ್ಲದ್ದು. 14 ಕೋರ್. ಒಳಗೆ ಯುಎಚ್‌ಡಿ 770 ಗ್ರಾಫಿಕ್ಸ್. ಅದಕ್ಕಿಂತ ಅಗ್ಗದ 13400ರಲ್ಲಿ ಬರುವುದು 730, ಅದರಲ್ಲಿ ವಿಡಿಯೊ ಬಿಚ್ಚುವ ಎಂಜಿನ್ ಒಂದೇ. 770ರಲ್ಲಿ ಎರಡು. ಎರಡು ಕ್ಯಾಮೆರಾ ಒಟ್ಟಿಗೆ ಓಡಿಸುವ ನಮಗೆ ಅದು ಕಣ್ಣಿಗೆ ಕಾಣುವ ವ್ಯತ್ಯಾಸ. ಬೋರ್ಡ್ ಬಿ760, ಡಿಡಿಆರ್4 ರ‍್ಯಾಮ್ ಹಾಕುವಂಥದ್ದು. ಅದಕ್ಕಿಂತ ಹೊಸ ಡಿಡಿಆರ್5 ಬಂದಿತ್ತು, ಆದರೆ ಬೆಲೆ ಜಾಸ್ತಿ ಇತ್ತು. ನನ್ನ ಕೆಲಸಕ್ಕೆ ಆ ಹಣವನ್ನು ರ‍್ಯಾಮ್ ಹೆಚ್ಚು ಹಾಕಲು ಬಳಸುವುದೇ ಮೇಲು ಅನ್ನಿಸಿತು. ಬಿ660 ಬೋರ್ಡ್ ಇನ್ನೂ ಕಡಿಮೆಗೆ ಸಿಗುತ್ತಿತ್ತು. ಅದು ಇಂಟೆಲ್ 12ನೇ ತಲೆಮಾರಿನ ಪ್ರೊಸೆಸರ್ ಜೊತೆ ಬಂದದ್ದು, ಹಳೆಯ ಸ್ಟಾಕ್ ಆದರೆ ಬಯಾಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆಗುವ ತನಕ ನನ್ನದರಂಥ 13ನೇ ತಲೆಮಾರಿನ ಪ್ರೊಸೆಸರ್ ಗುರುತಿಸುವುದಿಲ್ಲ. ಮೊದಲ ಸಲ ಕಟ್ಟುವವರು ಅಂಥ ತಲೆನೋವು ಇಟ್ಟುಕೊಳ್ಳಬಾರದು. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4060. ಆಗ ತಾನೇ ಜೂನ್ ಕೊನೆಗೆ ಬಂದಿತ್ತು. ಅದನ್ನೇ ಆರಿಸಿದ್ದು 115 ವಾಟ್ ಅಂತ. ಇನ್ವರ್ಟರ್ ಮೇಲೆ ಬದುಕುವ ಮನೆಗೆ ವಾಟ್ ಮುಖ್ಯ, ಅಲ್ವಾ?

ನನ್ನ ಬಿಲ್ಲುಗಳು ಇನ್ನೂ ಇವೆ. ಪ್ರೊಸೆಸರ್ 22,500. ಬೋರ್ಡ್ 13,800. ರ‍್ಯಾಮ್ 16ರ ಎರಡು ಕಡ್ಡಿ 6,400. ಒಂದು ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ 5,200. ಕಾರ್ಡ್ 30,500. 650 ವಾಟಿನ ಗೋಲ್ಡ್ ಎಸ್‌ಎಂಪಿಎಸ್ 7,200. ಕ್ಯಾಬಿನೆಟ್ 4,600, ಕೂಲರ್ 2,400, ನಾಲ್ಕು ಟಿಬಿ ಹಾರ್ಡ್ ಡಿಸ್ಕ್ 8,400. ಒಟ್ಟು ಒಂದು ಲಕ್ಷದ ಒಂದು ಸಾವಿರ. ಇದರ ಮೇಲೆ ವಿಂಡೋಸ್‌ಗೆ ಹತ್ತು ಸಾವಿರದ ಮೇಲಾಯಿತು. ಅಸೆಂಬಲ್ ಮಾಡುವವರು ಈ ಹತ್ತು ಸಾವಿರವನ್ನು ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಅದು ಸರಿಯಲ್ಲ. ಬ್ರ್ಯಾಂಡೆಡ್ ಬೆಲೆಯಲ್ಲಿ ವಿಂಡೋಸ್ ಸೇರಿರುತ್ತದೆ. ಆ ನಾಲ್ಕನೇ ಸಿಸ್ಟಮ್‌ಗೆ ಅವರು ಹೇಳಿದ್ದು ಒಂದು ಲಕ್ಷದ ಹದಿನೈದು ಸಾವಿರ. ಹಾಗಾಗಿ ಉಳಿತಾಯಕ್ಕೆ ಅಂತ ಕಟ್ಟಲು ಹೋಗಬೇಡಿ. ಉಳಿದದ್ದು ಮೂರು ಸಾವಿರ. ಅದೇ ದುಡ್ಡಿಗೆ ಎರಡರಷ್ಟು ರ‍್ಯಾಮ್, ಎರಡರಷ್ಟು ಎಸ್‌ಎಸ್‌ಡಿ, ನನಗೆ ಗೊತ್ತಿರುವ ಎಸ್‌ಎಂಪಿಎಸ್ ಬಂತು, ಅಷ್ಟೇ. ಇವತ್ತಾದರೆ ಆ ಲೆಕ್ಕವೂ ನಿಲ್ಲುವುದಿಲ್ಲ. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಹೋಗುತ್ತಿರುವುದರಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರಿನಲ್ಲಿ ಹೇಳಿತು. ಹಳೆಯ ಸಿಸ್ಟಮ್‌ನಲ್ಲಿ ಒಳ್ಳೆಯ ರ‍್ಯಾಮ್ ಇದ್ದರೆ ಈಗ ಅದನ್ನು ಮಾರಬೇಡಿ.

ಪ್ರೊಸೆಸರ್, ಬೋರ್ಡ್, ರ‍್ಯಾಮ್, ಎಸ್‌ಎಂಪಿಎಸ್ ತರಲು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ. ಪಟ್ಟಿ ಬರೆದುಕೊಂಡು ಹೋಗಿದ್ದೆ. ಅಂಗಡಿಯವರು "ಇದರ ಬದಲು ಇದು ತಗೊಳ್ಳಿ, ಎರಡೂ ಒಂದೇ" ಅಂದಾಗ ಪಟ್ಟಿಗೆ ಅಂಟಿಕೊಂಡೆ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿದೆ, ಜಿಎಸ್‌ಟಿ ನಂಬರ್ ಹಾಕಿಸಿದೆ. ಬಿಡಿ ಭಾಗಕ್ಕೆ ಒಂದೊಂದಕ್ಕೂ ಬೇರೆ ಬೇರೆ ವಾರಂಟಿ ಇರುತ್ತದೆ. ಪ್ರೊಸೆಸರಿಗೆ ಮೂರು ವರ್ಷ, ನನ್ನ ಎಸ್‌ಎಸ್‌ಡಿಗೆ ಐದು ವರ್ಷ. ಬಿಲ್ ಕಳೆದುಕೊಂಡರೆ ಅದೆಲ್ಲ ಬರೀ ಮಾತು. ಕ್ಯಾಬಿನೆಟ್ ಮತ್ತು ಕಾರ್ಡ್ ಕೊರಿಯರ್‌ನಲ್ಲಿ ತರಿಸಿದೆವು. ಕಾರ್ಡಿನ ಪೆಟ್ಟಿಗೆ ಬಂದ ದಿನ ಹೊರಗಿನ ರಟ್ಟು ಪೂರ್ತಿ ಒದ್ದೆಯಾಗಿತ್ತು. ತಮ್ಮ ಕ್ಯಾಮೆರಾ ಹಿಡಿದು ನಿಂತ, ನಾನು ಬಿಚ್ಚಿದೆ. ಒಳಗಿನದು ಒದ್ದೆಯಾಗಿರಲಿಲ್ಲ. ಆ ವಿಡಿಯೊ ಬೇಕಾಗಲಿಲ್ಲ. ಆದರೂ ವಿಡಿಯೊ ಇಲ್ಲದೆ ಯಾವ ಪೆಟ್ಟಿಗೆಯನ್ನೂ ಬಿಚ್ಚಬೇಡಿ. ಒಡೆದ ಮಾಲಿಗೆ ನೀವೇ ಕಾರಣ ಅಲ್ಲ ಅಂತ ತೋರಿಸಲು ಬೇರೆ ಸಾಕ್ಷಿ ಇರುವುದಿಲ್ಲ.

ಮಳೆಗಾಲದಲ್ಲಿ ಬಂದ ಭಾಗಗಳನ್ನು ತಕ್ಷಣ ಬಿಚ್ಚಿ ಜೋಡಿಸಬಾರದು. ತಣ್ಣಗಿನ ಲೋಹ ಬೆಚ್ಚಗಿನ ಕೋಣೆಗೆ ಬಂದರೆ ಮೇಲೆ ತೇವ ಕೂರುತ್ತದೆ. ನಮ್ಮ ಲೆನ್ಸುಗಳಿಂದ ಕಲಿತ ಪಾಠ ಅದು. ಒಂದು ರಾತ್ರಿ ಪೆಟ್ಟಿಗೆ ಮುಚ್ಚಿಯೇ ಅದೇ ಕೋಣೆಯಲ್ಲಿ ಇಟ್ಟೆ. ಮಾರನೇ ದಿನ ಊಟದ ಮೇಜಿನ ಮೇಲೆ ಶುರು ಮಾಡಿದೆ. ಅತ್ತೆ ಪಕ್ಕದಲ್ಲೇ ಕೂತು ಅಡಿಕೆ ಕತ್ತರಿಸುತ್ತಿದ್ದರು.

ನನಗೆ ಭಯ ಇದ್ದದ್ದು ಪ್ರೊಸೆಸರ್ ಕೂರಿಸುವ ಜಾಗದ್ದು ಮಾತ್ರ. ಇಂಟೆಲ್ ಬೋರ್ಡಿನಲ್ಲಿ ಪಿನ್ನುಗಳು ಸಾಕೆಟ್ಟಿನಲ್ಲಿರುತ್ತವೆ, 1,700 ಪಿನ್. ಕೂದಲಿನಷ್ಟು ಸಣ್ಣ. ಒಂದು ಬಾಗಿದರೂ ವಾರಂಟಿ ಇಲ್ಲ. ಪ್ರೊಸೆಸರ್ ಅನ್ನು ಎರಡು ಬೆರಳಲ್ಲಿ ಅಂಚು ಹಿಡಿದು, ಮೂಲೆಯ ತ್ರಿಕೋನದ ಗುರುತು ಹೊಂದಿಸಿ, ಮೇಲಿನಿಂದ ನೇರ ಇಳಿಸಬೇಕು. ಒತ್ತಬಾರದು. ಲಿವರ್ ಹಾಕುವಾಗ ಮಾತ್ರ ಬಲ ಬೇಕು, ಆಗ ಕಿರ್ ಅಂತ ಸದ್ದು ಬರುತ್ತದೆ. ಆ ಸದ್ದಿಗೆ ನಾನು ಕೈ ತೆಗೆದುಬಿಟ್ಟೆ. ಆ ಸದ್ದು ಸಹಜ ಅಂತ ಆಮೇಲೆ ತಿಳಿಯಿತು. ಸಾಕೆಟ್ ಮೇಲಿದ್ದ ಪ್ಲಾಸ್ಟಿಕ್ ಮುಚ್ಚಳ ತಾನಾಗಿ ಹಾರಿ ಬರುತ್ತದೆ. ಅದನ್ನು ಬಿಸಾಡಬೇಡಿ, ಬೋರ್ಡ್ ವಾರಂಟಿಗೆ ಕಳಿಸುವಾಗ ಕೇಳುತ್ತಾರೆ.

ಮಿಕ್ಕದ್ದು ನಿಧಾನವಾಗಿ ಮಾಡಿದರೆ ಯಾರಿಗಾದರೂ ಬರುತ್ತದೆ. ಕೂಲರಿನ ತಳದಲ್ಲಿ ತೆಳುವಾದ ಪಾರದರ್ಶಕ ಹಾಳೆ ಅಂಟಿಸಿರುತ್ತಾರೆ, ಅದನ್ನು ಕಿತ್ತೇ ಕೂರಿಸಬೇಕು. ಪ್ರೊಸೆಸರ್ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಎರಡು ಕಡ್ಡಿ ರ‍್ಯಾಮ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಕ್ಯಾಬಿನೆಟ್ಟಿನಲ್ಲಿ ಬೋರ್ಡಿನ ಕೆಳಗೆ ಹಿತ್ತಾಳೆಯ ಸಣ್ಣ ಕಾಲುಗಳು ಇರುತ್ತವೆ. ಬೋರ್ಡಿನಲ್ಲಿ ತೂತು ಇರುವ ಕಡೆ ಮಾತ್ರ ಅವು ಇರಬೇಕು. ಪ್ರೊಸೆಸರಿನ ಎಂಟು ಪಿನ್ ಕನೆಕ್ಟರ್ ಮತ್ತು ಕಾರ್ಡಿನ ಎಂಟು ಪಿನ್ ಕನೆಕ್ಟರ್ ನೋಡಲು ಒಂದೇ ಥರ, ಆದರೆ ಬೇರೆ. ಮೇಲೆ ಬರೆದಿರುತ್ತದೆ, ಓದಿ ಹಾಕಿ. ಪವರ್ ಬಟನ್ನಿನ ಸಣ್ಣ ವೈರುಗಳಿಗೆ ಟಾರ್ಚ್ ಬೇಕು, ತಾಳ್ಮೆ ಬೇಕು. ನನಗೆ ಎಲ್ಲ ಸೇರಿ ಐದು ಗಂಟೆ ಹಿಡಿಯಿತು.

ಬಟನ್ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪು. ಬೋರ್ಡಿನ ಮೂಲೆಯಲ್ಲಿ ಡಿರ‍್ಯಾಮ್ ಅಂತ ಬರೆದ ಪಕ್ಕದಲ್ಲಿ ಸಣ್ಣ ಕೆಂಪು ದೀಪ. ಹಳೆಯ ಪೆಟ್ಟಿಗೆಯಾಗಿದ್ದರೆ ನನಗೆ ಅಲ್ಲಿಗೇ ದಾರಿ ಮುಚ್ಚಿಹೋಗುತ್ತಿತ್ತು. ಇದರಲ್ಲಿ ಎಲ್ಲಿ ನೋಡಬೇಕು ಅಂತ ಬೋರ್ಡೇ ಹೇಳುತ್ತಿತ್ತು. ರ‍್ಯಾಮ್ ತೆಗೆದು ನೋಡಿದರೆ ಒಂದು ಕಡ್ಡಿ ಒಂದು ತುದಿಯಲ್ಲಿ ಪೂರ್ತಿ ಕೂತಿರಲಿಲ್ಲ. ಎರಡೂ ಕಡೆ ಟಕ್ ಅನ್ನುವ ತನಕ ಒತ್ತಿದೆ. ಪರದೆ ಬಂತು. ಅತ್ತೆ ಅಡಿಕೆ ಬಿಟ್ಟು ಎದ್ದು ಬಂದು ನೋಡಿದರು.

ಅಲ್ಲಿಗೆ ಮುಗಿಯಲಿಲ್ಲ. ವಿಂಡೋಸ್ ಹಾಕಿ, ಎಡಿಟಿಂಗ್ ಸಾಫ್ಟ್‌ವೇರ್ ಹಾಕಿ, ಮೊದಲ ಮದುವೆ ತೆರೆದೆ. ಗಂಗಾಪೂಜೆ ತಡವರಿಸಿತು! ಯಾವುದಕ್ಕೆ ಅಂತ ಇಷ್ಟೆಲ್ಲ ಹುಡುಕಿ ತಂದೆನೋ ಅದೇ ಓಡುತ್ತಿಲ್ಲ. ಒಂದು ಇಡೀ ದಿನ ಡ್ರೈವರ್ ತೆಗೆದೆ, ಹಾಕಿದೆ. ಕೊನೆಗೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಗಮನಿಸಿದೆ. ಅಲ್ಲಿ ಎರಡು ಗ್ರಾಫಿಕ್ಸ್ ಕಾಣಬೇಕಿತ್ತು, ಕಾಣುತ್ತಿದ್ದದ್ದು 4060 ಒಂದೇ. ಬೇರೆ ಕಾರ್ಡ್ ಹಾಕಿದ ಕೂಡಲೇ ಬೋರ್ಡ್ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಅನ್ನು ತಾನಾಗಿಯೇ ಆಫ್ ಮಾಡಿತ್ತು. ಬಯಾಸ್‌ಗೆ ಹೋಗಿ ಐಜಿಪಿಯು ಮಲ್ಟಿ ಮಾನಿಟರ್ ಅನ್ನುವುದನ್ನು ಆನ್ ಮಾಡಿದೆ, ಇಂಟೆಲ್ ಡ್ರೈವರ್ ಹಾಕಿದೆ. ಆಮೇಲೆ ಎರಡು ಕ್ಯಾಮೆರಾದ ಫುಟೇಜೂ ನೀರು ಹರಿದ ಹಾಗೆ ಓಡಿತು. ವಿಡಿಯೊ ಕೆಲಸಕ್ಕೆ ಇಂಟೆಲ್ ಸಿಸ್ಟಮ್ ಕಟ್ಟುವವರು ಇದೊಂದನ್ನು ಮರೆಯಬೇಡಿ. ಬ್ರ್ಯಾಂಡೆಡ್ ತಗೊಂಡವರೂ ಒಮ್ಮೆ ನೋಡಿ. ಆ ಭಾಗಕ್ಕೆ ದುಡ್ಡು ಕೊಟ್ಟು ಬಳಸದೇ ಇರುವವರು ನಮ್ಮ ಕೆಲಸದಲ್ಲಿ ಬಹಳ ಜನ ಇದ್ದಾರೆ.

ಕರೆಂಟಿನ ವ್ಯವಸ್ಥೆಗೆ ಬೇರೆಯೇ ಕೂತು ಯೋಚಿಸಿದೆ. ಮನೆಯ ಇನ್ವರ್ಟರ್ ಸೈನ್ ವೇವ್‌ನದು. ಅದರ ಹಿಂದೆ ಒಂದು ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್ ಮತ್ತು ನಾರ್ಮಲ್ ಮೋಡ್ ಅಂತ. ಕರೆಂಟ್ ಹೋದಾಗ ಎಸ್‌ಎಂಪಿಎಸ್ ತನ್ನೊಳಗಿನ ಶಕ್ತಿಯಲ್ಲಿ ತಡೆಯುವುದು ಸುಮಾರು 16 ಮಿಲಿಸೆಕೆಂಡ್. ಅಷ್ಟರೊಳಗೆ ಇನ್ವರ್ಟರ್ ಬದಲಾಗಬೇಕು. ನಾರ್ಮಲ್‌ನಲ್ಲಿ ಅದು ನಿಧಾನ, ಸಿಸ್ಟಮ್ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್ ಮೋಡಿಗೆ ಹಾಕಿದರೆ ಆ ತೊಂದರೆ ಇಲ್ಲ, ಆದರೆ ವೋಲ್ಟೇಜ್ 180ಕ್ಕಿಂತ ಇಳಿದ ಕೂಡಲೇ ಬ್ಯಾಟರಿಗೆ ಹೋಗುತ್ತದೆ. ನಮ್ಮಲ್ಲಿ ಸಂಜೆ ಪೂರ್ತಿ ಬ್ಯಾಟರಿಯೇ ಓಡುತ್ತಿತ್ತು. ಕರೆಂಟ್ ನಿಜವಾಗಿ ಹೋಗುವಾಗ ಬ್ಯಾಟರಿ ಖಾಲಿ. ಕೊನೆಗೆ ಇನ್ವರ್ಟರಿನ ಮುಂದೆ ಒಂದು ಸ್ಟೆಬಿಲೈಸರ್ ಹಾಕಿಸಿದೆವು. ಅಂದಿನಿಂದ ಸರಿ ಹೋಯಿತು. ಅರ್ಥಿಂಗ್ ಕೂಡ ಹೊಸದಾಗಿ ಮಾಡಿಸಿದೆವು. ಇಂಟರ್‌ನೆಟ್ಟಿನ ಲ್ಯಾನ್ ವೈರ್ ಪೂರ್ತಿ ತೆಗೆದೆ, ಈಗ ವೈಫೈ. ವೇಗ ಸ್ವಲ್ಪ ಕಡಿಮೆ. ಆದರೆ ಸಿಡಿಲಿಗೆ ಆ ದಾರಿ ಮುಚ್ಚಿತು.

ಭಾವನ ಕಥೆಯನ್ನೂ ಹೇಳಬೇಕು. ಇಲ್ಲದಿದ್ದರೆ ಎಲ್ಲರೂ ಕಟ್ಟಿಕೊಳ್ಳಿ ಅಂದ ಹಾಗಾಗುತ್ತದೆ. ಅವರದು ಕಕ್ಕಬ್ಬೆ ಕಡೆ ಹೋಮ್‌ಸ್ಟೇ. ಬುಕಿಂಗ್ ನೋಡುವುದು, ಬಿಲ್ ಮಾಡುವುದು, ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರದ ಸರ್ಕಾರಿ ಫಾರ್ಮ್ ತುಂಬಿಸುವುದು, ಕಾಫಿ ಲೆಕ್ಕ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಬೆಂಬಲ ಮುಗಿಯಿತು. ಅವರ ಹಳೆಯ ಸಿಸ್ಟಮ್ ಇಂಟೆಲ್ ನಾಲ್ಕನೇ ತಲೆಮಾರಿನದು, ವಿಂಡೋಸ್ 11ಕ್ಕೆ ಹೋಗುವ ಹಾಗಿರಲಿಲ್ಲ. "ನೀನೇ ಒಂದು ಜೋಡಿಸಿ ಕೊಡಮ್ಮ" ಅಂದರು. ನಾನು ಬೇಡ ಅಂದೆ.

ಕಾರಣ ಅದೇ ಪ್ರಶ್ನೆ. ಅಲ್ಲಿ ಜುಲೈನಲ್ಲಿ ಕೆಟ್ಟರೆ ಯಾರು ಬರುತ್ತಾರೆ? ನಾನು ಹೋಗಲು ಆಗುವುದಿಲ್ಲ. ಭಾವನಿಗಾಗಲೀ ಅವರ ಮ್ಯಾನೇಜರ್ ಹುಡುಗನಿಗಾಗಲೀ ಬಿಚ್ಚುವ ಆಸಕ್ತಿ ಇಲ್ಲ, ಇರಬೇಕಾಗಿಯೂ ಇಲ್ಲ. ಅಂಥ ಕಡೆ ನಾನು ಜೋಡಿಸಿ ಕೊಟ್ಟರೆ ಅದರ ಎಲ್ಲ ಕಾಯಿಲೆಗೂ ನನ್ನ ಫೋನೇ ಔಷಧ ಆಗಬೇಕು. ಬ್ರ್ಯಾಂಡೆಡ್ ಮಿನಿ ಪಿಸಿ ತೆಗೆಸಿದೆ. ಅಂಗೈ ಅಗಲದ್ದು, ಮಾನಿಟರ್ ಹಿಂದೆ ಕೂರುತ್ತದೆ. ಲ್ಯಾಪ್‌ಟಾಪ್ ಥರದ ಅಡಾಪ್ಟರ್, ಅದು 100ರಿಂದ 240 ವೋಲ್ಟ್ ತನಕ ತಡೆಯುತ್ತದೆ. ಕರೆಂಟಿನ ಅರ್ಧ ಚಿಂತೆ ಅಲ್ಲಿಗೇ ಹೋಯಿತು. ಮನೆಗೇ ಬಂದು ರಿಪೇರಿ ಮಾಡುವ ವಾರಂಟಿಯನ್ನು ಮೂರು ವರ್ಷಕ್ಕೆ ತಗೊಂಡೆವು.

ಆ ವಾರಂಟಿ ಬಗ್ಗೆ ಒಂದು ಮಾತು. ಪೆಟ್ಟಿಗೆಯ ಮೇಲೆ ಮನೆಗೆ ಬರುತ್ತೇವೆ ಅಂತ ಬರೆದಿದ್ದರೂ ಎಲ್ಲ ಪಿನ್‌ಕೋಡಿಗೂ ಬರುವುದಿಲ್ಲ. ನಾವು ಮೊದಲು ನೋಡಿದ ಕಂಪನಿಯವರು ನಮ್ಮ ಪಿನ್‌ಕೋಡ್ ಕೇಳಿ ಮೈಸೂರಿಗೆ ತರಬೇಕು ಅಂದರು. ಎರಡನೆಯವರು ಬರುತ್ತೇವೆ ಅಂದರು. ಅದನ್ನು ಇಮೇಲ್‌ನಲ್ಲಿ ಬರೆದು ಕಳಿಸಿ ಅಂತ ಕೇಳಿದೆ, ಕಳಿಸಿದರು. ಆಮೇಲೆ ದುಡ್ಡು ಕೊಟ್ಟೆವು. ಹೊಸ ವಿಂಡೋಸ್ 11 ಸಿಸ್ಟಮ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಂಡಿರುತ್ತದೆ. ಬೋರ್ಡ್ ಬದಲಾದರೆ ರಿಕವರಿ ಕೀ ಕೇಳುತ್ತದೆ. ಆ 48 ಅಂಕಿಯನ್ನು ಕಾಗದದಲ್ಲಿ ಬರೆದು ತೋಟದ ಕಾಗದಪತ್ರ ಇಡುವ ಕಬ್ಬಿಣದ ಪೆಟ್ಟಿಗೆಯಲ್ಲೇ ಇಡಿಸಿದೆ.

ನನ್ನ ಸಿಸ್ಟಮ್‌ಗೆ ಮಳೆಗಾಲದಲ್ಲಿ ಮಾಡುವುದು ಇಷ್ಟೇ. ಕೆಲಸ ಇರಲಿ ಇಲ್ಲದಿರಲಿ ದಿನಕ್ಕೆ ಒಂದೆರಡು ಗಂಟೆ ಆನ್ ಇಡುತ್ತೇನೆ. ಒಳಗಿನ ಬಿಸಿಗೆ ತೇವ ಕೂರುವುದಿಲ್ಲ. ವಾರಗಟ್ಟಲೆ ಸುಮ್ಮನೆ ಇಟ್ಟ ಸಿಸ್ಟಮ್ಮೇ ನಮ್ಮಲ್ಲಿ ಮೊದಲು ಕೆಡುವುದು. ಹಿಂದಿನ ಖಾಲಿ ಸ್ಲಾಟುಗಳಿಗೆ ತಗಡಿನ ಪಟ್ಟಿ ತಪ್ಪದೇ ಹಾಕಿದ್ದೇನೆ, ಇಲ್ಲವಾದರೆ ಬೆಚ್ಚಗಿದೆ ಅಂತ ಹಲ್ಲಿ ಒಳಗೆ ಬರುತ್ತದೆ. ನಮ್ಮ ಹವೆ ತಂಪು, ಹಾಗಾಗಿ ನೀರಿನ ಕೂಲರ್ ಬೇಕಾಗಿಲ್ಲ. ಆ ದುಡ್ಡು ಸ್ಟೆಬಿಲೈಸರಿಗೆ ಹೋಗಲಿ.

2025ರ ಜುಲೈನಲ್ಲಿ ಒಂದು ರಾತ್ರಿ ಅದು ಏಳಲಿಲ್ಲ. ಮೂರು ದಿನ ಮನೆಯಲ್ಲಿ ನಾವು ಇರಲಿಲ್ಲ, ಆನ್ ಮಾಡಿರಲಿಲ್ಲ. ಮಾರನೇ ಬೆಳಿಗ್ಗೆ ಮಡಿಕೇರಿಯ ಒಂದು ಮನೆಗೆ ಮದುವೆಯ ವಿಡಿಯೊ ತಲುಪಬೇಕಿತ್ತು. ಅವರ ಮಗಳು ಮತ್ತೆ ಹೊರದೇಶಕ್ಕೆ ಹೊರಡುವ ದಿನ ಅದು. ಹೊರಗೆ ಗಾಳಿ, ಸುಂಟಿಕೊಪ್ಪದ ಪೇಟೆಗೆ ಹೋಗಲೂ ಆಗದ ಮಳೆ. ಪಕ್ಕದ ಬಾಗಿಲು ತೆಗೆದೆ. ಅದೇ ಮೂಲೆಯಲ್ಲಿ ಅದೇ ಕೆಂಪು ದೀಪ ಕಂಡಿತು. ಪ್ಲಗ್ ಕಿತ್ತೆ. ರ‍್ಯಾಮ್ ಕಡ್ಡಿಗಳನ್ನು ತೆಗೆದೆ. ಚಿನ್ನದ ಬಣ್ಣದ ಅಂಚು ಮಸುಕಾಗಿತ್ತು. ಮಗನ ಕಂಪಾಸ್ ಬಾಕ್ಸಿನಿಂದ ರಬ್ಬರ್ ತಂದು ಮೆಲ್ಲಗೆ ಉಜ್ಜಿದೆ, ಪುಡಿ ಊದಿದೆ, ಒಣ ಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಿದೆ. ಎರಡೂ ಕಡೆ ಟಕ್ ಅಂತು. ಹತ್ತು ಗಂಟೆಗೆ ಎಕ್ಸ್‌ಪೋರ್ಟ್‌ಗೆ ಹಾಕಿ ಮಲಗಿದೆ. ನಡುರಾತ್ರಿ ಎರಡು ಸಲ ಕರೆಂಟ್ ಹೋಗಿ ಬಂತು. ಬೆಳಿಗ್ಗೆ ಫೈಲ್ ಸಿದ್ಧವಾಗಿತ್ತು. ಏಳು ಗಂಟೆಗೆ ತಮ್ಮ ಪೆನ್‌ಡ್ರೈವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಮಡಿಕೇರಿಗೆ ಹೊರಟ.